ಬೋರ್ಡಿನಿಂದ ಇಳಿದ ಮೇಕೆ

ನೀಲಗಂಗಾ ಟೀಚರ ಶಾಲೆಗೆ ಸ್ಮಾರ್ಟ್ ಬೋರ್ಡು ಬಂದಿತ್ತು, ಅದಕ್ಕೆ ಬೇಕಾದ ಕರೆಂಟು ಬಂದಿರಲಿಲ್ಲ. ಅಷ್ಟರಲ್ಲೇ ತಾಲ್ಲೂಕಿನ ಶಿಕ್ಷಣ ಸಾಹೇಬರ ಫೋನು ಬಂತು.

"ಈಗಲೇ ವಿಡಿಯೋ ಕಾಲ್ ಮಾಡ್ತೀನಿ. ಬೋರ್ಡಿನಲ್ಲಿ ಚಿತ್ರ ಓಡಾಡ್ತಿರಬೇಕು. ಇಲ್ಲದಿದ್ದರೆ ನಿಮಗೆ ವರ್ಗಾವಣೆ!"

"ಸರ್, ಕರೆಂಟು..."

"ನೆಪ ಬೇಡ!"

ಟೀಚರಿಗೆ ಕೈಕಾಲೇ ಆಡಲಿಲ್ಲ. ಅದರಿಂದಲೇ ಉಪಾಯ ಹೊಳೆಯಿತು.

"ಮಕ್ಕಳೇ, ಸ್ಟ್ಯಾಚ್ಯೂ! ನಾನು ಹೇಳುವವರೆಗೆ ಯಾರೂ ಅಲುಗಾಡಬಾರದು."

ಕಾಲ್ ಬಂತು. ಟೀಚರು ಫೋನನ್ನು ಅಲುಗಿಸದೆ ಹಿಡಿದು ತರಗತಿ ತೋರಿಸಿದರು. ಮಕ್ಕಳು ಕಲ್ಲಾಗಿ ಕೂತಿದ್ದರು.

"ಏನ್ರೀ, ಎಲ್ಲ ನಿಂತುಬಿಟ್ಟಿದೆ?"

"ನೆಟ್‌ವರ್ಕ್ ಸರ್. ದನಿ ಬರುತ್ತೆ, ಚಿತ್ರ ನಿಲ್ಲುತ್ತೆ."

ಸಾಹೇಬರು ಫೋನು ಕೊಡವಿದರು. ಅಷ್ಟರಲ್ಲಿ ಶಾಲೆಯ ಬಾಗಿಲಿನಿಂದ ಮೇಕೆಯೊಂದು ಒಳಗೆ ಬಂದು ಬೋರ್ಡಿನ ಮುಂದೆ ಓಡಾಡಿತು.

"ಎಲ್ಲ ನಿಂತಿದೆ, ಮೇಕೆ ಹೇಗ್ರೀ ನಡೀತಿದೆ?"

"ಅದು... ಬೋರ್ಡಿನ ಪಾಠ ಸರ್, ಸಾಕುಪ್ರಾಣಿಗಳು. ಬೋರ್ಡಿಗೆ ನೆಟ್‌ವರ್ಕೇ ಬೇರೆ."

ಮೇಕೆ ಮುಂದಿನ ಸಾಲಿನ ಹುಡುಗಿಯ ರಿಬ್ಬನ್ನು ಜಗಿಯತೊಡಗಿತು. ಪುಣ್ಯಾತ್ಗಿತ್ತಿ ಆಗಲೂ ಅಲುಗಲಿಲ್ಲ.

"ಅಯ್ಯೋ, ಬೋರ್ಡಿನ ಮೇಕೆ ರಿಬ್ಬನ್ ತಿಂತಿದೆಯಲ್ರೀ!"

"ಹೊಸ ತಂತ್ರಜ್ಞಾನ ಸರ್, ಚಿತ್ರ ಹೊರಗೇ ಇಳಿದು ಬರುತ್ತೆ. ತಮಗೆ ಗೊತ್ತಿಲ್ಲದ್ದೇ?"

ಸಾಹೇಬರು ಕಣ್ಣುಜ್ಜಿಕೊಂಡರು. ಏನೂ ತಿಳಿಯಲಿಲ್ಲ, ತಿಳಿಯಲಿಲ್ಲ ಎನ್ನಲು ಬಾಯಿಯೂ ಬರಲಿಲ್ಲ. "ಗೊತ್ತು, ಗೊತ್ತು" ಎಂದು ಕಾಲ್ ಮುಗಿಸಿದರು.

ವರ್ಗಾವಣೆ ಬರಲಿಲ್ಲ. ಬದಲಿಗೆ ಪಕ್ಕದೂರಿನ ಮೇಷ್ಟ್ರ ಫೋನು ಬಂತು. "ಮೇಡಂ, ಆ ಮೇಕೆ ಪಾಠ ನಮ್ಮಲ್ಲೂ ತೋರಿಸಬೇಕಂತೆ, ಸಾಹೇಬರ ಆಜ್ಞೆ. ಕಳಿಸ್ತೀರಾ?"

"ಕಳಿಸ್ತೀನಿ," ಎಂದರು ಟೀಚರು. "ಹಗ್ಗ ಮಾತ್ರ ನೀವೇ ತನ್ನಿ."