ಕೋಟು ತುಂಬಿದ ಜವಾನ

ಅಮಲ್ದಾರರ ಕಚೇರಿಗೆ ಹೊಸದಾಗಿ ಬಂದ ಜವಾನ ಕಡ್ಡಿಯಂತಿದ್ದ. ಹಿಂದಿನ ಜವಾನನ ಸರ್ಕಾರಿ ಕೋಟು ಅವನ ಮೈಮೇಲೆ ಗೂಟಕ್ಕೆ ನೇತುಹಾಕಿದ ಹಾಗೆ ಕಾಣುತ್ತಿತ್ತು.

"ಕಚೇರಿಯ ಮರ್ಯಾದೆ ಕಳೀತಿದ್ದೀಯ," ಎಂದರು ಅಮಲ್ದಾರರು. "ಮೂರು ತಿಂಗಳಲ್ಲಿ ಈ ಕೋಟು ತುಂಬಬೇಕು. ಇಲ್ಲದಿದ್ದರೆ ಬಿಚ್ಚಿಟ್ಟು ಮನೆಗೆ ಹೋಗು."

"ನಮ್ಮನೇಲಿ ಎರಡು ಹೊತ್ತೂ ಗಂಜಿ, ಬುದ್ಧಿ. ಮೈ ಹೇಗೆ ಬರುತ್ತೆ?"

ಅಮಲ್ದಾರರು ಹೊಟ್ಟೆ ಸವರಿಕೊಂಡರು. "ಬೇಕಾದ್ದು ದುಡ್ಡಲ್ಲ ಕಣೋ, ಕ್ರಮ. ನಾನು ಹೇಗೆ ಊಟ ಮಾಡ್ತೀನಿ ಅಂತ ನೋಡಿ ಕಲಿ."

ಮಾರನೆಯ ಮಧ್ಯಾಹ್ನ ಅಮಲ್ದಾರರು ಮನೆಯಲ್ಲಿ ಎಲೆಯ ಮುಂದೆ ಕೂತರೆ, ಎದುರು ಬಾಗಿಲಲ್ಲಿ ಜವಾನ ಕೈಕಟ್ಟಿ ನಿಂತಿದ್ದ. ಒಂದೊಂದು ತುತ್ತಿನ ಹಿಂದೆಯೂ ಅವನ ಕಣ್ಣು ಓಡುತ್ತಿತ್ತು.

"ಏನೋ ಇದು?"

"ನೋಡಿ ಕಲೀತಿದ್ದೀನಿ, ಬುದ್ಧಿ."

ಅಪ್ಪಣೆ ತಮ್ಮದೇ. ಹೋಗು ಎನ್ನುವಂತಿಲ್ಲ. ಆ ದಿನ ಅಮಲ್ದಾರರಿಗೆ ಬಿಕ್ಕಳಿಕೆ. ಮರುದಿನ ಹೊಟ್ಟೆನೋವು. ಹಸಿದವನ ದೃಷ್ಟಿ ತಾಗಿದೆ ಎಂದು ಅವರ ಹೆಂಡತಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಮೂರನೆಯ ದಿನ, ಗಂಡ ಕೂರುವ ಮೊದಲೇ ಜವಾನನಿಗೆ ಜಗಲಿಯಲ್ಲಿ ಎಲೆ ಹಾಕಿ ಹೊಟ್ಟೆ ತುಂಬ ಬಡಿಸಿದರು. ಅಂದು ಅಮಲ್ದಾರರ ಊಟ ನೆಮ್ಮದಿಯಾಗಿ ಇಳಿಯಿತು. ಆಮೇಲೆ ದಿನಾ ಅದೇ ಪದ್ಧತಿಯಾಯಿತು.

ಮೊದಲ ತಿಂಗಳು ಜವಾನನ ಕೆನ್ನೆ ತುಂಬಿತು. ಎರಡನೆಯ ತಿಂಗಳು ಭುಜ. ಮೂರನೆಯ ತಿಂಗಳು ಕೋಟಿನ ಗುಂಡಿ ಬಿಗಿಯಾಯಿತು.

"ಕೆಲಸ ಉಳೀತು," ಎಂದರು ಅಮಲ್ದಾರರು. "ಕಲಿತಿದ್ದು ಸಾಕು. ನಾಳೆಯಿಂದ ಊಟದ ಹೊತ್ತಿಗೆ ಬರಬೇಡ."

"ಆಗಲಿ ಬುದ್ಧಿ. ಊಟ ಆದ ಮೇಲೆ ತಾವು ಕಚೇರಿ ಮೇಜಿನ ಮೇಲೆ ತಲೆಯಿಟ್ಟು ನಾಲ್ಕು ಗಂಟೆವರೆಗೆ ನಿದ್ದೆ ಮಾಡ್ತೀರಲ್ಲ, ನಾಳೆಯಿಂದ ಅದನ್ನು ನೋಡಿ ಕಲೀತೀನಿ."

ಮರುದಿನವೂ ಜಗಲಿಯಲ್ಲಿ ಎಲೆ ಬಿತ್ತು.