ಅರಿಶಿನ ಬಳಿದ ರಟ್ಟು

"ಗುರುಗಳೇ, ನನ್ನ ಜೊತೆ ಕಲಿಯುವ ಕಲ್ಲಯ್ಯನ ಹಾಡನ್ನು ನೀವು ಮೆಚ್ಚುತ್ತೀರಿ. ನನಗೆ ಅದರಲ್ಲಿ ಬರೀ ಅಪಸ್ವರ ಕೇಳಿಸುತ್ತದೆ. ತಪ್ಪು ಅವನ ಗಂಟಲಿನದೋ, ನನ್ನ ಕಿವಿಯದೋ?" ಎಂದು ಶಿಷ್ಯ ಸಿದ್ದಲಿಂಗ ಕೇಳಿದ.

ಗುರುಗಳು ತಂಬೂರಿಯನ್ನು ಗೋಡೆಗೆ ಒರಗಿಸಿ ಕತೆ ಹೇಳಿದರು.

ಮದುಮಗಳಿಗೆ ಮೇಕಪ್ ಮಾಡುವ ಒಬ್ಬ ಹೆಂಗಸಿದ್ದಳು. ಕೈ ಚೆನ್ನಾಗಿತ್ತು. ಆದರೆ ಫ್ಲ್ಯಾಶ್ ಹಾಕಿ ಫೋಟೋ ತೆಗೆದರೆ ಹಚ್ಚಿದ ಬಣ್ಣವೇ ಬೇರೆ, ಬರುವ ಬಣ್ಣವೇ ಬೇರೆ. ಎದುರು ಬೀದಿಯಲ್ಲಿ ಇನ್ನೊಬ್ಬಳು ಅದೇ ಕೆಲಸ ಮಾಡುತ್ತಿದ್ದಳು. ಅವಳ ಫೋಟೋದಲ್ಲಿ ಕುಂಕುಮ ಕುಂಕುಮದ ಹಾಗೇ ಇರುತ್ತಿತ್ತು. ಇವಳು ಅನ್ನ ಮುಂದಿಟ್ಟುಕೊಂಡು ಮೊಬೈಲಿನಲ್ಲಿ ಆ ಫೋಟೋಗಳನ್ನೇ ತಿರುವುತ್ತಿದ್ದಳು. ಹೊಟ್ಟೆ ತುಂಬುತ್ತಿರಲಿಲ್ಲ, ಉರಿಯುತ್ತಿತ್ತು.

ಊರಿನ ದೊಡ್ಡ ಮನೆಯೊಂದರಲ್ಲಿ ಮದುವೆ ಗೊತ್ತಾಯಿತು. ಹುಡುಗಿ ಇಬ್ಬರ ಹತ್ತಿರವೂ ಒಮ್ಮೆ ಮೇಕಪ್ ಮಾಡಿಸಿಕೊಂಡು, ಫೋಟೋ ನೋಡಿ ಒಬ್ಬರನ್ನು ಆರಿಸುವುದಾಗಿ ಹೇಳಿಕಳಿಸಿದಳು. ಆ ಮನೆ ಕೈತಪ್ಪಿದರೆ ಊರಲ್ಲಿ ತನ್ನನ್ನು ಇನ್ನು ಯಾರೂ ಕರೆಯುವುದಿಲ್ಲ ಎಂದು ಇವಳಿಗೆ ಗೊತ್ತಿತ್ತು. ಬಿಗುಮಾನ ಬಿಟ್ಟು ಎದುರಿನವಳನ್ನೇ ಕೇಳಿದಳು. ಅವಳು ಏನೂ ಮುಚ್ಚಿಡಲಿಲ್ಲ. "ಕೋಣೆಯ ಲೈಟು ಆಫ್ ಮಾಡಿ, ಫ್ಲ್ಯಾಶ್ ಒಂದೇ ಇರಲಿ. ಮೊದಲು ಮುಖದ ಪಕ್ಕ ಬೂದು ಬಣ್ಣದ ರಟ್ಟು ಹಿಡಿದು, ಅದು ಬೂದಾಗಿಯೇ ಕಾಣುವ ಹಾಗೆ ಕ್ಯಾಮೆರಾದ ಬಣ್ಣವನ್ನು ಹೊಂದಿಸಿ" ಎಂದಳು. ತನ್ನ ರಟ್ಟಿನಲ್ಲೇ ಒಂದು ತುಂಡು ಕತ್ತರಿಸಿ ಕೊಟ್ಟಳು.

ಇವಳಿಗೆ ದಾರಿಯುದ್ದಕ್ಕೂ ಅನುಮಾನ. ಹೊಟ್ಟೆಪಾಡಿನ ಗುಟ್ಟನ್ನು ಯಾರಾದರೂ ಪುಕ್ಕಟೆ ಕೊಡುತ್ತಾರೆಯೇ? ಅದೂ ಮದುಮಗಳ ಮುಖದ ಪಕ್ಕ ಬೂದಿಯ ಬಣ್ಣ. ಅಪಶಕುನ ಮಾಡಿಸಿ ತನ್ನ ಹೆಸರು ಕೆಡಿಸುವ ಹುನ್ನಾರವೇ ಇದು. ಮನೆಗೆ ಬಂದವಳೇ ರಟ್ಟಿಗೆ ಗಟ್ಟಿಯಾಗಿ ಅರಿಶಿನ ಬಳಿದಳು. ಶುಭಕ್ಕೆ ಶುಭವೂ ಆಯಿತು, ಅವಳಿಗಿಂತ ಒಂದು ಕೈ ಮೇಲೂ ಆಯಿತು ಎಂದುಕೊಂಡಳು.

ಹುಡುಗಿ ಬಂದಳು. ಮೇಕಪ್ ಅಂದವಾಗಿಯೇ ಆಯಿತು. ಹಳದಿ ರಟ್ಟನ್ನು ಮುಖದ ಪಕ್ಕ ಹಿಡಿದು, ಕ್ಯಾಮೆರಾವನ್ನು ಅದಕ್ಕೆ ಹೊಂದಿಸಿ ಫೋಟೋ ತೆಗೆದಳು. ಫೋಟೋದಲ್ಲಿ ಮಾತ್ರ ಕೆನ್ನೆ ನೀಲಿ, ತುಟಿ ನೇರಳೆಹಣ್ಣು ತಿಂದವರ ತುಟಿ. ತಾಯಿ ಅದನ್ನು ನೋಡಿ, "ಕೆರೆಯಿಂದ ಎತ್ತಿದ ಹಾಗಿದ್ದಾಳಲ್ಲಮ್ಮ ನನ್ನ ಮಗಳು" ಎಂದವಳೇ ಹುಡುಗಿಯ ಕೈ ಹಿಡಿದು ಎದುರು ಬೀದಿಗೆ ನಡೆದಳು.

ವಿಷಯ ತಿಳಿದು ಎದುರಿನವಳು ಬಂದಳು. ಹಳದಿ ರಟ್ಟನ್ನು ಕೈಗೆತ್ತಿಕೊಂಡು ಮೆಲ್ಲಗೆ ಹೇಳಿದಳು: "ಅಕ್ಕಾ, ನೀವು ತೋರಿಸಿದ ರಟ್ಟನ್ನೇ ಕ್ಯಾಮೆರಾ, ಬಣ್ಣವೇ ಇಲ್ಲದ ಬೂದು ಅಂತ ನಂಬುತ್ತೆ. ಈ ಹಳದಿ ಕಳೆಯೋಕೆ ಹೋಗಿ ಎಲ್ಲದರ ಮೇಲೂ ನೀಲಿ ಸುರಿದಿದೆ."

ಆ ಮಾತು ಇವಳ ಕಿವಿಗೆ ಬಿತ್ತೋ ಇಲ್ಲವೋ. ಕಂಡದ್ದು ಅವಳ ತುಟಿಯಂಚಿನ ನಗು. "ನಗೋಕೆ ಬಂದ್ಯಾ?" ಎಂದು ಬಾಗಿಲು ಹಾಕಿಕೊಂಡಳು. ಎದುರಿನವಳು ನಕ್ಕಿರಲೇ ಇಲ್ಲ.

ಕತೆ ಮುಗಿಯಿತು. ಸಿದ್ದಲಿಂಗ, "ಅದೇನೋ ಸರಿ ಗುರುಗಳೇ. ಆದರೆ ಕಲ್ಲಯ್ಯ ಮೊನ್ನೆ ಎಲ್ಲರೆದುರು ನನ್ನ ಹಾಡು ಹೊಗಳಿದನಲ್ಲ, ಅದು ಅಣಕಿಸುವುದಕ್ಕೇ ತಾನೆ?" ಎಂದ.

ಗುರುಗಳು ತಂಬೂರಿಯನ್ನು ಮತ್ತೆ ಮಡಿಲಿಗೆ ಎಳೆದುಕೊಂಡು ಕೇಳಿದರು: "ನಿನ್ನ ಕಿವಿಗೆ ಅರಿಶಿನ ಬಳಿದು ಮುಗಿಯಿತೋ, ಇನ್ನೂ ಇದೆಯೋ?"