ತಡವಾಗಿ ಬಂದವಳು

"ಗುರುಗಳೇ, ನಿಜ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಬೈಗುಳ ತಿನ್ನುವುದು ಹೇಡಿತನವಲ್ಲವೇ?"

ಕೇಳಿದವನು ಚನ್ನವೀರ. ಆ ದಿನ ಮಠದ ದಾಸೋಹದಲ್ಲಿ ಅನ್ನ ಸೀದು ಹೋಗಿತ್ತು. ಒಲೆಯ ಮುಂದಿನಿಂದ ಎದ್ದು ಹೋದವನು ಬೇರೊಬ್ಬ, ಬೈಸಿಕೊಂಡವನು ಚನ್ನವೀರ. ಆಗಿನಿಂದ ಅವನ ಮುಖ ಗಂಟು ಹಾಕಿಕೊಂಡೇ ಇತ್ತು.

ಗುರುಗಳು ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ಕುಳಿತುಕೋ ಎಂದು ಕೈ ತೋರಿಸಿ ಹೇಳತೊಡಗಿದರು.

ಒಂದು ತಾಲೂಕಿನಲ್ಲಿ ಒಬ್ಬ ನರ್ಸ್ ಇದ್ದಳು. ಅವಳ ಕೆಲಸ ಆಸ್ಪತ್ರೆಯ ವಾರ್ಡಿನಲ್ಲಲ್ಲ, ಆಂಬುಲೆನ್ಸಿನಲ್ಲಿ. ಎಂಟು ವರ್ಷದಿಂದ ಅದೇ ಗಾಡಿ, ಅದೇ ಚಾಲಕ. ಬಿದ್ದವರನ್ನು ಎತ್ತಿದಳು, ನೇಣಿನಿಂದ ಇಳಿಸಿದಳು, ಗಾಡಿಯಲ್ಲೇ ಎಷ್ಟೋ ಹೆರಿಗೆ ಮಾಡಿಸಿದಳು. ಆಸ್ಪತ್ರೆಯ ಬಾಗಿಲಲ್ಲಿ ಇಳಿಸಿದ ಮೇಲೆ ಯಾರು ಉಳಿದರು, ಯಾರು ಹೋದರು ಎಂಬುದು ಅವಳಿಗೆ ತಿಳಿಯುತ್ತಿರಲಿಲ್ಲ. ಕೇಳಲು ಪುರುಸೊತ್ತೂ ಇರುತ್ತಿರಲಿಲ್ಲ. ಅಷ್ಟರಲ್ಲಿ ಇನ್ನೊಂದು ಕರೆ ಬಂದಿರುತ್ತಿತ್ತು.

ಒಂದು ದಿನ ಬೆಳಿಗ್ಗೆ ಹನ್ನೊಂದಕ್ಕೆ ಪೇಟೆಯ ಒಬ್ಬ ವರ್ತಕನ ಮನೆಯಿಂದ ಕರೆ ಬಂತು. ಎದೆ ಹಿಡಿದುಕೊಂಡಿದೆ ಎಂದರು. ಗಾಡಿ ಐದು ನಿಮಿಷದಲ್ಲಿ ಬಾಗಿಲಿಗೆ ಹೋಯಿತು. ಅಂಗಳದಲ್ಲಿ ವರ್ತಕನ ಕಾರು ನಿಂತಿತ್ತು. ವರ್ತಕ ಸೋಫಾದ ಮೇಲೆ ಕುಳಿತು ತೇಗುತ್ತಿದ್ದ. ಅವಳು ನಾಡಿ ಹಿಡಿದಳು, ರಕ್ತದೊತ್ತಡ ನೋಡಿದಳು. ಎರಡೂ ಸರಿಯಾಗಿದ್ದವು. ಅಷ್ಟರಲ್ಲಿ ಎರಡನೆಯ ಕರೆ ಬಂತು. ಹಳ್ಳದಾಚೆಯ ಕ್ವಾರಿಯಲ್ಲಿ ಒಬ್ಬ ಕಲ್ಲು ಒಡೆಯುವವನ ಹೆಂಡತಿಗೆ ಉಬ್ಬಸ ಏರಿತ್ತು. ಉಸಿರು ಸಿಗುತ್ತಿಲ್ಲ, ತುಟಿ ನೀಲಿಯಾಗಿದೆ ಎಂದರು. ಪಕ್ಕದ ತಾಲೂಕಿನ ಗಾಡಿ ಕೆಟ್ಟು ನಿಂತಿತ್ತು. ಇದ್ದದ್ದು ಇದೊಂದೇ.

ಅವಳು ವರ್ತಕನಿಗೆ ಹೇಳಿದಳು. "ಯಜಮಾನರೇ, ನಾಡಿ ಚೆನ್ನಾಗಿದೆ. ನೀವು ನಿಮ್ಮ ಕಾರಿನಲ್ಲಿ ಹೋದರೂ ನಡೆಯುತ್ತದೆ. ಕ್ವಾರಿಯಲ್ಲಿ ಒಬ್ಬ ಹೆಣ್ಣುಮಗಳು ಸಾಯುವ ಹಾಗಿದ್ದಾಳೆ."

"ಕಾರಿನಲ್ಲಿ ಹೋದರೆ ಚೀಟಿ ಮಾಡಿಸಿ ಸಾಲಿನಲ್ಲಿ ಕೂರಬೇಕಮ್ಮ. ಇದರಲ್ಲಿ ಹೋದರೆ ಡಾಕ್ಟರೇ ಬಾಗಿಲಿಗೆ ಬರುತ್ತಾರೆ" ಎಂದು ವರ್ತಕ ತಾನೇ ನಡೆದು ಬಂದು ಗಾಡಿ ಹತ್ತಿದ. ಹತ್ತಿ ಮಲಗಿ, "ಆ ಆಕ್ಸಿಜನ್ನೂ ಹಾಕಿಬಿಡಿ" ಎಂದ.

ಅವಳು ಇಳಿಸಬಹುದಿತ್ತೇ? ಎದೆನೋವು ಎಂದವನನ್ನು ಬಿಟ್ಟು ಹೋಗುವಂತಿಲ್ಲ ಎಂಬುದು ನಿಯಮ. ನಿಯಮ ಹಾಗಿರಲಿ, ನಾಡಿ ಸರಿಯಿದ್ದ ಒಬ್ಬ ಮೇಷ್ಟರು ಅವಳ ಕಣ್ಣೆದುರೇ ಆಸ್ಪತ್ರೆಯ ಗೇಟಿನಲ್ಲಿ ಪ್ರಾಣ ಬಿಟ್ಟಿದ್ದರು. ಇವನು ಸುಳ್ಳು ಹೇಳುತ್ತಿದ್ದಾನೆ ಎಂದು ಅವಳಿಗೆ ಅನ್ನಿಸಿತು. ಆದರೆ ಅನ್ನಿಸಿದ್ದನ್ನು ನಂಬಿ ಒಬ್ಬ ಮನುಷ್ಯನನ್ನು ರಸ್ತೆಯಲ್ಲಿ ಇಳಿಸಲು ಅವಳಿಗೆ ಧೈರ್ಯ ಬರಲಿಲ್ಲ. ಗಾಡಿ ಜಿಲ್ಲಾಸ್ಪತ್ರೆಯ ಕಡೆ ಹೊರಟಿತು. ಕ್ವಾರಿ ಹಿಂದೆ ಉಳಿಯಿತು.

ದಾರಿಯಲ್ಲಿ ಕಲ್ಲು ಒಡೆಯುವವನು ಮೂರು ಸಲ ಫೋನ್ ಮಾಡಿದ. ನರ್ಸ್ ಅವನ ಹೆಂಡತಿಯನ್ನು ಧೂಳಿನಿಂದ ಆಚೆ ಕರೆದೊಯ್ದು ಮುಂದಕ್ಕೆ ಬಾಗಿಸಿ ಕೂರಿಸಲು ಹೇಳಿದಳು. ಅವನು ಪ್ರತಿ ಸಲವೂ ಎಲ್ಲಿದ್ದೀರಿ ಎಂದು ಕೇಳಿದ. ಪ್ರತಿ ಸಲವೂ ಅವಳು, "ಬರುತ್ತಿದ್ದೇವೆ" ಎಂದಳು. ಹಾಗೆನ್ನುವಾಗ ಗಾಡಿ ಅವನಿಂದ ದೂರ ದೂರ ಓಡುತ್ತಿತ್ತು. ಸಿಲಿಂಡರಿನ ಗಾಳಿ ವರ್ತಕನ ಮೂಗಿಗೆ ಹೋಗುತ್ತಿತ್ತು.

ಜಿಲ್ಲಾಸ್ಪತ್ರೆಯಲ್ಲಿ ಡಾಕ್ಟರು ಬಂದು ಸಹಿ ಹಾಕುವತನಕ ಕಾಯಬೇಕಾಯಿತು. ಸಹಿಯಾದದ್ದೇ ಚಾಲಕ ಗಾಡಿಯನ್ನು ಹಾರಿಸಿಕೊಂಡು ಬಂದ. ಆದರೂ ಕ್ವಾರಿ ಮುಟ್ಟುವಾಗ ಮೊದಲ ಫೋನು ಬಂದು ಎರಡು ಗಂಟೆಯ ಮೇಲಾಗಿತ್ತು.

ಹೆಂಗಸು ಬೇವಿನ ಮರಕ್ಕೆ ಒರಗಿದ್ದಳು. ನೋಡಿದೊಡನೆ ನರ್ಸಿಗೆ ತಿಳಿಯಿತು. ತಿಳಿದರೂ ಅವಳನ್ನು ನೆಲಕ್ಕೆ ಮಲಗಿಸಿ ಎದೆ ಒತ್ತಿದಳು. ಕೈ ಸೋಲುವತನಕ ಒತ್ತಿದಳು. ಸುತ್ತ ಜನ ನಿಂತು ನೋಡುತ್ತಿದ್ದರು. ಕೊನೆಗೆ ಎದ್ದು, "ಆಗಿಹೋಗಿದೆಯಪ್ಪ" ಎಂದಳು. ಅಷ್ಟಕ್ಕೇ ಮುಗಿಯಲಿಲ್ಲ. ಹೆಣವನ್ನು ಊರಿಗೆ ಒಯ್ಯಲು ಅವರು ಗಾಡಿಯ ಬಾಗಿಲು ತೆರೆದರು. ಈ ಗಾಡಿ ಜೀವ ಇರುವವರಿಗೆ ಮಾತ್ರ ಎಂಬ ಮಾತನ್ನೂ ಅವಳೇ ಆಡಬೇಕಾಯಿತು.

ಕಲ್ಲು ಒಡೆಯುವವನು ಅವಳ ಕಪಾಳಕ್ಕೆ ಹೊಡೆದ.

"ಎರಡು ಗಂಟೆ! ಬರ್ತೀವಿ ಬರ್ತೀವಿ ಅಂದು ಎಲ್ಲಿಗೆ ಹೋಗಿದ್ದೆ? ಯಾರ ಮನೆಗೆ ಹೋಗಿದ್ದೆ, ಹೇಳು!"

ಅವನ ಹಿಂದೆ ಹತ್ತು ಹನ್ನೆರಡು ಜನ ಸುತ್ತಿಗೆ ಕೆಳಗಿಡದೆ ನಿಂತಿದ್ದರು. ಚಾಲಕ ಏನೋ ಹೇಳಲು ಬಾಯಿ ತೆರೆದ. ಅವಳು ಅವನ ತೋಳು ಹಿಡಿದು ತಡೆದಳು.

"ದಾರಿಯಲ್ಲಿ ತಡವಾಯಿತು" ಎಂದಳು.

ವರ್ತಕನಿಗೆ ಆಗಿದ್ದದ್ದು ವಾಯು. ಸಂಜೆಗೆ ಮನೆಗೆ ಬಂದ. ಬಂದವನು ತಾನು ಸತ್ತು ಬದುಕಿದೆ ಎಂದು ಪೇಟೆಗೆಲ್ಲ ಹೇಳಿದ. ಹೇಳುತ್ತ ಹೇಳುತ್ತ ತಾನೂ ನಂಬಿದ. ಪೇಟೆಯ ಆ ಮಾತು ಹಳ್ಳ ದಾಟಿ ಕ್ವಾರಿಗೆ ಹೋಗಲಿಲ್ಲ. ಮೂರನೆಯ ದಿನ ವರ್ತಕರ ಸಂಘದವರು ನರ್ಸಿಗೆ ಸನ್ಮಾನ ಇಟ್ಟುಕೊಂಡರು. ಅವಳು ಒಲ್ಲೆ ಎಂದಳು. ಹೋಗಲೇಬೇಕು ಎಂದು ಮೇಲಧಿಕಾರಿ ಹೇಳಿದ. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಸಾವಿನ ಬಾಯಿಂದ ನನ್ನನ್ನು ಎಳೆದು ತಂದ ತಾಯಿ ಇವಳು ಎಂದು ವರ್ತಕ ಮೈಕಿನ ಮುಂದೆ ಕಣ್ಣೊರೆಸಿಕೊಂಡ. ಅವಳ ಕೆನ್ನೆಯ ಬಾವು ಇನ್ನೂ ಇಳಿದಿರಲಿಲ್ಲ. ಏನಾಯಿತು ಎಂದು ಯಾರೋ ಕೇಳಿದರು. ಗಾಡಿಯ ಬಾಗಿಲು ತಾಗಿತು ಎಂದಳು. ಬುಟ್ಟಿಯನ್ನು ಚಾಲಕನ ಕೈಗಿತ್ತು, ಹಿಂಬದಿಯ ನಲ್ಲಿಗೆ ಹೋಗಿ ಬಹಳ ಹೊತ್ತು ಮುಖ ತೊಳೆದಳು.

ಎರಡು ತಿಂಗಳು ಕಳೆಯಿತು. ಒಂದು ಮಧ್ಯಾಹ್ನ ಕ್ವಾರಿಯಿಂದ ಮತ್ತೆ ಕರೆ ಬಂತು. ಬಂಡೆ ಉರುಳಿ ಒಬ್ಬನ ಕಾಲು ಜಜ್ಜಿಹೋಗಿದೆ ಎಂದರು. ಆಗ ಗಾಡಿ ಖಾಲಿ ನಿಂತಿತ್ತು. ಹದಿನೈದು ನಿಮಿಷಕ್ಕೆ ಕ್ವಾರಿಯಲ್ಲಿತ್ತು.

ಬಿದ್ದಿದ್ದವನು ಅದೇ ಕಲ್ಲು ಒಡೆಯುವವನು. ರಕ್ತ ಧೂಳಿನಲ್ಲಿ ಹರಿದಿತ್ತು. ಅವಳು ತೊಡೆಗೆ ಪಟ್ಟಿ ಬಿಗಿದಳು, ಗಾಯಕ್ಕೆ ಬಟ್ಟೆ ಒತ್ತಿ ಹಿಡಿದಳು. ಜಿಲ್ಲಾಸ್ಪತ್ರೆಯವರೆಗೆ ಆ ಕೈ ತೆಗೆಯಲಿಲ್ಲ. ಅರ್ಧ ದಾರಿಯಲ್ಲಿ ಅವನು ಕಣ್ಣು ತೆರೆದ. ಅವಳ ಗುರುತು ಹಿಡಿದ. ಈಗಲಾದರೂ ಒಂದು ಒಳ್ಳೆಯ ಮಾತು ಆಡಿಯಾನು ಎಂದು ಅವಳಿಗೆ ಅನ್ನಿಸಿದ್ದರೆ ಅದು ತಪ್ಪಲ್ಲ.

"ಎಷ್ಟು ಹೊತ್ತಾಯಿತು ನೀವು ಬರೋದಕ್ಕೆ?" ಎಂದು ಅವನು ಕೇಳಿದ.

"ಹದಿನೈದು ನಿಮಿಷ."

ಅವನು ಗಾಡಿಯ ಚಾವಣಿಯತ್ತ ಕಣ್ಣು ಹೊರಳಿಸಿದ. ಆಮೇಲೆ ಹೇಳಿದ. "ಹಾಗಾದರೆ ಬರೋದಕ್ಕೆ ಆಗುತ್ತೆ. ಅವತ್ತೂ ಆಗ್ತಿತ್ತು. ನೀನು ಬರಲಿಲ್ಲ."

ಅವಳು ಗಾಯದ ಮೇಲಿನ ಕೈಯನ್ನು ಇನ್ನಷ್ಟು ಬಿಗಿಯಾಗಿ ಒತ್ತಿದಳು.

ಅವನ ಪ್ರಾಣ ಉಳಿಯಿತು, ಕಾಲೂ ಉಳಿಯಿತು. ಅವಳು ಸರಿಯಾದ ಹೊತ್ತಿಗೆ ಬಂದಿದ್ದೇ ಅವಳ ವಿರುದ್ಧ ಅವನ ಕೈಗೆ ಸಿಕ್ಕ ಸಾಕ್ಷಿಯಾಯಿತು. ಊರುಗೋಲು ಹಿಡಿದು ನಡೆಯುವಂತಾದ ಮೇಲೆ ಅವನು ಮಾಡಿದ ಮೊದಲ ಕೆಲಸ ಅರ್ಜಿ ಬರೆಸಿದ್ದು. ಅದೇ ಗಾಡಿ, ಅದೇ ದಾರಿ, ಅದೇ ನರ್ಸ್. ನನಗೆ ಹದಿನೈದು ನಿಮಿಷ, ನನ್ನ ಹೆಂಡತಿಗೆ ಎರಡು ಗಂಟೆ ಏಕೆ? ಅರ್ಜಿಯಲ್ಲಿ ಅಷ್ಟೇ ಇತ್ತು.

ಮೇಲಧಿಕಾರಿಗೆ ಎಲ್ಲವೂ ಗೊತ್ತಿತ್ತು. ಆದರೂ ಅವಳನ್ನು ಕರೆಸಿ, "ಉತ್ತರ ಬರೆದುಕೊಡಮ್ಮ. ಅರ್ಜಿ ಕೊಟ್ಟವನ ಮುಂದೆ ಅದನ್ನು ಓದಿ ಹೇಳಬೇಕಾಗುತ್ತದೆ" ಎಂದ. ಅವಳು ಪೆನ್ನು ತೆಗೆದುಕೊಂಡಳು. ಒಂದೇ ಸಾಲು ಬರೆದಳು. ದಾರಿಯಲ್ಲಿ ತಡವಾಯಿತು, ತಪ್ಪು ನನ್ನದು.

ಅವಳನ್ನು ದೂರದ ಒಂದು ತಾಲೂಕಿಗೆ ಹಾಕಿದರು. ಅಲ್ಲಿಯೂ ಆಂಬುಲೆನ್ಸೇ. ಅವಳು ಹೋದ ದಿನ ಕ್ವಾರಿಯಲ್ಲಿ, ಪೀಡೆ ತೊಲಗಿತು ಎಂದರಂತೆ. ವರ್ತಕ ಮಾತ್ರ, ಅಂಥ ಒಳ್ಳೆಯವಳನ್ನು ಕಳಿಸಿಬಿಟ್ಟರಲ್ಲ ಎಂದು ನಾಲ್ಕು ದಿನ ಮರುಗಿದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಚನ್ನವೀರನಿಗೆ ತಡೆಯಲಾಗಲಿಲ್ಲ. "ಇದೆಂಥ ಕತೆ, ಗುರುಗಳೇ! ಪೆಟ್ಟು ತಿಂದಳು, ಕೆಟ್ಟ ಹೆಸರು ಹೊತ್ತಳು, ಊರು ಬಿಟ್ಟಳು. ಆ ವರ್ತಕನ ಹೆಸರು ಒಂದು ಸಲ ಹೇಳಿಬಿಟ್ಟಿದ್ದರೆ ಸಾಕಿತ್ತಲ್ಲ! ಯಾಕೆ ಹೇಳಲಿಲ್ಲ?"

ಗುರುಗಳು ಏಳುತ್ತ ಹೇಳಿದರು:

"ಹೇಳಿದ್ದರೆ, ಆ ಸುತ್ತಿಗೆಗಳ ಪೆಟ್ಟಿಗೆ ರಕ್ತದಲ್ಲಿ ಬಿದ್ದ ವರ್ತಕನನ್ನು ಎತ್ತಿ ತರಲು ಹೋಗಬೇಕಾದವಳೂ ಅವಳೇ."